ಏಳನೇ ನಂಬರಿನ ಬಂದೂಕು

ಹಾಲಹರವಿಯ ಮರಿಬಸಪ್ಪನ ಮನೆಯಲ್ಲಿ ಒಂದು ಬಂದೂಕು ಇತ್ತು ಎಂಬುದಕ್ಕೆ ಊರೆಲ್ಲ ಸಾಕ್ಷಿ. ಅದು ಒಮ್ಮೆಯಾದರೂ ಹಾರಿತ್ತು ಎಂಬುದಕ್ಕೆ ಒಬ್ಬ ಸಾಕ್ಷಿಯೂ ಇರಲಿಲ್ಲ. ಇರುವೆ ಸಾಲು ಕಂಡರೆ ದಾಟಿ ನಡೆಯುವ ಮನೆತನ ಅದು. ಅಲ್ಲಿ ಬಂದೂಕಿನ ಕೆಲಸವೆಂದರೆ ಪಡಸಾಲೆಯ ಗೋಡೆಗೆ ನೇತಾಡುವುದು, ಆಯುಧಪೂಜೆಗೆ ಕೆಳಗಿಳಿದು ವಿಭೂತಿ, ಕುಂಕುಮ, ಎಣ್ಣೆ ಬಳಿಸಿಕೊಳ್ಳುವುದು, ವರ್ಷಕ್ಕೊಮ್ಮೆ ಎತ್ತಿನ ಗಾಡಿಯೇರಿ ತಾಲೂಕು ಕಚೇರಿಗೆ ಹೋಗಿ ಲೈಸೆನ್ಸು ಮಾಡಿಸಿಕೊಂಡು ಬರುವುದು. ಅಜ್ಜನ ಕಾಲದಿಂದ ಬಳಿದ ವಿಭೂತಿಯೂ ಎಣ್ಣೆಯೂ ಕೂಡಿ ನಳಿಗೆಯ ಮೇಲೆ ರೊಟ್ಟಿಯಷ್ಟು ದಪ್ಪ ಪದರ ಕಟ್ಟಿತ್ತು. ಕಚೇರಿಯ ಗುಮಾಸ್ತರು ಕೈ ಜಿಡ್ಡಾದೀತೆಂದು ದೂರದಿಂದಲೇ ನೋಡಿ, ‘ಹಳೆಯ ಬಂದೂಕು ಒಂದು, ಸುಸ್ಥಿತಿಯಲ್ಲಿದೆ’ ಎಂದು ಬರೆದು ಕಳಿಸುತ್ತಿದ್ದರು.

ಯುರೋಪಿನಲ್ಲಿ ಯುದ್ಧ ಹತ್ತಿಕೊಂಡ ಮೇಲೆ ಕಚೇರಿಗೆ ಹೊಸ ಗುಮಾಸ್ತ ಬಂದ. ಯುದ್ಧವನ್ನು ತನ್ನ ಮೇಜಿನಿಂದಲೇ ಗೆಲ್ಲಬೇಕೆಂದು ಹಟ ತೊಟ್ಟವನಂತೆ ಕಾಣುತ್ತಿದ್ದ.

“ನಂಬರ್ ಎಷ್ಟ್ರಿ?” ಎಂದ.

“ಯಾತರ ನಂಬರ್ರಿ?” ಎಂದ ಮರಿಬಸಪ್ಪ.

“ನಿಮ್ಮ ವಯಸ್ಸು ಕೇಳಲಿಲ್ಲ. ಬಂದೂಕಿನ ನಂಬರ್ ಕೇಳಿದೆ. ಲಡಾಯಿ ಕಾಲ ಐತಿ. ನಂಬರಿಲ್ಲದ ಬಂದೂಕು ಅಂದ್ರ ವೈರಿ ಬಂದೂಕು. ಹೋಗಿ ನೋಡಿಕೊಂಡು ಬರ್ರಿ.”

ಮರಿಬಸಪ್ಪ ಬಂದೂಕನ್ನು ಮನೆಗೆ ತಂದು ಹೆಂಡತಿಯ ಮುಂದಿಟ್ಟ. ಮಹಾಂತಮ್ಮ ಹಿತ್ತಲಲ್ಲಿ ಕೂತು, ದೇವರ ಸಾಮಾನು ತಿಕ್ಕುವ ಹುಣಸೆಹಣ್ಣು ಮತ್ತು ಬೂದಿ ಹಚ್ಚಿ, ತೆಂಗಿನ ನಾರಿನಿಂದ ತಿಕ್ಕತೊಡಗಿದಳು. ಅಜ್ಜ ಹಾಕಿಸಿದ್ದ ಒಂದು ಹಿತ್ತಾಳೆ ಪಟ್ಟಿ ನಳಿಗೆಯ ಬುಡವನ್ನು ಬಿಗಿಯಾಗಿ ಕಚ್ಚಿಕೊಂಡಿತ್ತು, ಅದೊಂದು ಜಗ್ಗಲಿಲ್ಲ. ಪಟ್ಟಿಯ ಪಕ್ಕದ ಪದರ ಸುಲಿದು ಬಂದಾಗ ಒಳಗಿನಿಂದ ಒಂದು ಅಂಕಿ ಕಣ್ಣು ಬಿಟ್ಟಿತು. ಏಳು. ಹಿಂದೆ ಮುಂದೆ ಬೇರೇನಿಲ್ಲ, ಬರೀ ಏಳು.

ಬೇರೆಯವರಾಗಿದ್ದರೆ ಅದನ್ನು ಗುಮಾಸ್ತನಿಗೆ ಹೇಳಿ ಸುಮ್ಮನಾಗುತ್ತಿದ್ದರು. ಆದರೆ ಮರಿಬಸಪ್ಪ ಹತ್ತಿ ವ್ಯಾಪಾರಿ. ಹಳ್ಳಿಗಳಲ್ಲಿ ಹತ್ತಿ ಕೊಂಡು ಆದೋನಿಯ ಪ್ರೆಸ್ಸಿಗೆ ಹಾಕುವುದು ಅವನ ಕಸುಬು. ಪ್ರೆಸ್ಸಿನಲ್ಲಿ ಪ್ರತಿ ಸುಗ್ಗಿಗೂ ಒತ್ತಿ ಕಟ್ಟಿದ ಹತ್ತಿಯ ಬೇಲುಗಳ ಲೆಕ್ಕ ಹೊಸದಾಗಿ ಒಂದರಿಂದ ಶುರುವಾಗುತ್ತದೆ. ಮೊದಲ ದಿನ ಒತ್ತಿದ ಬೇಲುಗಳಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಹೂವು ಹಾಕುತ್ತಾರೆ. ಅದು ಮೊದಲ ಬಿಡಿಸಿನ ಹತ್ತಿ, ಹಾಲಿನಂಥ ಹತ್ತಿ. ಆ ಸಣ್ಣ ನಂಬರು ಯಾವ ಸಾವುಕಾರನ ಪಾಲಿಗೆ ಬಂತೋ ಅವನು ವರ್ಷವೆಲ್ಲ ಎದೆ ಮುಂದೆ ಮಾಡಿಕೊಂಡು ತಿರುಗುತ್ತಾನೆ. ಮರಿಬಸಪ್ಪನ ಬೇಲುಗಳಿಗೆ ಎಂದೂ ಸಾವಿರದೊಳಗಿನ ನಂಬರು ಬಿದ್ದಿರಲಿಲ್ಲ. ಅಂಥವನ ಮನೆಯ ಗೋಡೆಯ ಮೇಲೆ ಇಷ್ಟು ಕಾಲ ಏಳು ಎಂಬ ನಂಬರು ವಿಭೂತಿ ಹೊದ್ದು ಕೂತಿತ್ತು!

“ಮಹಾಂತೀ, ಇದು ಏಳನೇ ಬಂದೂಕು!” ಎಂದ.

“ಉಳಿದ ಆರು ಎಲ್ಲ್ಯದಾವ? ಮನ್ಯಾಗ ಇದೊಂದೇ ಐತಲ್ಲ.”

“ಹುಚ್ಚಿ! ಲೋಕದಾಗ ಏಳನೇದು! ಕಾರ್ಖಾನಿ ಬಾಗಿಲ ತಗದು, ಕಾಯಿ ಒಡದು, ಮದಲನೇ ದಿನ ಮಾಡಿದ್ದು. ಆರು ಮಾಡಿದ್ರು, ಏಳನೇದು ನಮ್ಮಜ್ಜಗ ಕೊಟ್ರು.”

“ನಿಮ್ಮಜ್ಜ ಆದೋನಿ ಬಿಟ್ಟು ಆಚಿ ಹೋದವರಲ್ಲ. ಅವರಿಗೆ ಯಾಕ ಕೊಟ್ರು?”

ಸಂಜೆಯೊಳಗೆ ಮರಿಬಸಪ್ಪ ಈ ಪ್ರಶ್ನೆಗೆ ಉತ್ತರ ಸಿದ್ಧಮಾಡಿಕೊಂಡ. ಮಾರನೆಯ ದಿನ ಗುಮಾಸ್ತನ ಮುಂದೆ ನಿಂತು “ಏಳು” ಎಂದಾಗ, ಯಾವುದೋ ದೊಡ್ಡ ಸಾಹೇಬರ ಡೇರೆಗೆ ನುಗ್ಗಿದ ಹುಲಿಯ ಮುಂದೆ ಅಜ್ಜ ಬರೀ ಕೈಯಲ್ಲಿ ನಿಂತದ್ದನ್ನೂ, ಸಾಹೇಬರು ಮೆಚ್ಚಿ ತಮ್ಮ ಬಂದೂಕನ್ನೇ ಕೊಟ್ಟದ್ದನ್ನೂ ಜೊತೆಗೆ ಹೇಳಿದ. ಗುಮಾಸ್ತ ಏಳನ್ನು ಬರೆದುಕೊಂಡ. ಹುಲಿಗೆ ಅವನ ಕಾಗದದಲ್ಲಿ ಜಾಗವಿರಲಿಲ್ಲ.

ಊರಲ್ಲಿ ಜಾಗ ಧಾರಾಳವಾಗಿತ್ತು. ಜನ ಬಂದೂಕು ನೋಡಲು ಸಾಲುಗಟ್ಟಿದರು. ಪಕ್ಕದ ಮನೆಯ ಕುರಿಗಾರ ಎರ್ರಿಸ್ವಾಮಿ ಮಾತ್ರ ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದ.

“ಮಾವಾ, ಹುಲಿ ನಮ್ಮ ಸೀಮಿಗೆ ಯಾಕ ಬಂದಿತ್ತು?”

“ಕಾಡು ಇತ್ತಪಾ ಆವಾಗ.”

“ನಮ್ಮಪ್ಪ ಇಲ್ಲೇ ಕುರಿ ಮೇಸ್ಯಾನ, ಅವರಪ್ಪನೂ ಇಲ್ಲೇ ಮೇಸ್ಯಾನ. ಕುರಿಗೆ ನೆಳ್ಳಾಗೋವಷ್ಟು ಗಿಡ ಇರಲಿಲ್ಲಂತ. ಹುಲಿ ಏನು ಆದೋನಿಗೆ ಹತ್ತಿ ಹಾಕಾಕ ಹೊಂಟಿತ್ತೇನು?”

“ನಿನಗ ಕುರಿ ಬಿಟ್ರ ಏನು ತಿಳಿತೈತಿ!”

“ಹೌದು ಬಿಡು, ನಮ್ಮ ಕುರಿಗೆ ನಂಬರಿಲ್ಲ. ಅದಕ್ಕ ಅವು ಇನ್ನೂ ಕುರಿ ಆಗ್ಯಾವ.”

ಹಾಲಹರವಿಯ ಸುದ್ದಿ ಹತ್ತಿಯ ಗಾಡಿಯಲ್ಲೇ ಆದೋನಿಗೆ ಹೋಗುತ್ತದೆ. ಅಲ್ಲಿ ಪ್ರೆಸ್ಸಿಗೆ ಬಿದ್ದ ಹತ್ತಿ ಕುಗ್ಗುತ್ತದೆ, ಅಂಗಡಿ ಕಟ್ಟೆಗೆ ಬಿದ್ದ ಸುದ್ದಿ ಹಿಗ್ಗುತ್ತದೆ. ಹಿಗ್ಗಿದ ಸುದ್ದಿ ಏಕಾಂತಪ್ಪ ಸಾವುಕಾರರ ಕಿವಿಗೆ ಬಿತ್ತು.

ಏಕಾಂತಪ್ಪ ಎಂದರೆ ಆದೋನಿಯಲ್ಲಿ ಸ್ವಂತ ಪ್ರೆಸ್ಸು, ಸ್ವಂತ ಮೋಟಾರು ಇದ್ದ ಕುಳ. ಅವರ ಮಗನಿಗೆ ತನ್ನ ಮಗಳು ಗುರುಲಿಂಗಮ್ಮನನ್ನು ಕೊಡಬೇಕೆಂಬುದು ಮರಿಬಸಪ್ಪನ ಬದುಕಿನ ಏಕೈಕ ಆಸೆ. ಹುಡುಗ ಬಂದು ಹುಡುಗಿಯನ್ನು ನೋಡಿದ್ದ, ಒಪ್ಪಿದ್ದ. ಹುಡುಗಿಯೂ ಒಪ್ಪಿದ್ದಳು. ಏಕಾಂತಪ್ಪ ಮಾತ್ರ ಹೋದ ಸುಗ್ಗಿಯಿಂದ “ನೋಡೋಣ” ಎನ್ನುತ್ತಿದ್ದರು. ಅವರ ಕಣ್ಣಿಗೆ ಮರಿಬಸಪ್ಪನ ಮನೆಯಲ್ಲಿ ನೋಡುವಂಥದ್ದು ಏನೂ ಬಿದ್ದಿರಲಿಲ್ಲ.

ಈ ಏಕಾಂತಪ್ಪನವರಿಗೆ ಒಂದು ಹುಚ್ಚು. ಅವರ ಮನೆಯ ಹಜಾರದಲ್ಲಿ ಗಡಿಯಾರ, ಗ್ರಾಮಫೋನು, ಹೊಲಿಗೆ ಯಂತ್ರ ಸಾಲಾಗಿ ಇದ್ದವು. ಬಂದವರಿಗೆ ಅವರು ಗಡಿಯಾರದಲ್ಲಿ ಗಂಟೆ ತೋರಿಸುತ್ತಿರಲಿಲ್ಲ. ಅದನ್ನು ತಿರುಗಿಸಿ ಬೆನ್ನ ಮೇಲಿನ ನಂಬರು ತೋರಿಸುತ್ತಿದ್ದರು. ಯಾವ ನಂಬರಾದರೆ ಯಾವ ವರ್ಷದ್ದು, ಯಾವ ಊರಲ್ಲಿ ಹುಟ್ಟಿದ್ದು ಎಂದು ಕಂಪನಿಗಳಿಗೆ ಬರೆದು ತಿಳಿದುಕೊಂಡಿದ್ದರು. “ಮನುಷ್ಯಾಗ ಗೋತ್ರ, ಸಾಮಾನಿಗೆ ನಂಬರು” ಎಂಬುದು ಅವರ ಸಿದ್ಧಾಂತ. ಹೊಲಿಗೆ ಯಂತ್ರದ ಗೋತ್ರ ಕೆಟ್ಟೀತೆಂದು ಹೆಂಡತಿಗೆ ಅದರ ಮೇಲೆ ಒಂದು ಕುಪ್ಪಸವನ್ನೂ ಹೊಲಿಯಗೊಟ್ಟಿರಲಿಲ್ಲ.

ಏಕಾಂತಪ್ಪ ಹೇಳಿ ಕಳಿಸಿದರು: “ಬರೋ ಸೋಮವಾರ ನಿಶ್ಚಯಕ್ಕ ಬರ್ತೀವಿ. ಬಂದೂಕು ಅಳಿಯಗ ಉಡುಗೊರಿ ಅಂತ ಕೊಡಬೇಕು. ಬಂದೂಕಿನ ಗೋತ್ರ ಓದಾಕ ನಮ್ಮ ಕಡಿಂದ ಒಬ್ಬರು ಬರ್ತಾರ.”

ಮರಿಬಸಪ್ಪ ಕುಣಿದ. ಮಹಾಂತಮ್ಮ ಕುಣಿಯಲಿಲ್ಲ. “ಓದಿ ಏಳು ಅಲ್ಲ ಅಂದ್ರ?” ಎಂದಳು.

“ಕಣ್ಣಿಗೆ ಕಾಣತೈತಿ! ಏಳು ಎಂಟು ಆಗತೈತೇನು?”

ಸೋಮವಾರ ಏಕಾಂತಪ್ಪನ ಮೋಟಾರು ಹಾಲಹರವಿಗೆ ಬಂತು. ಹಿಂದೆ ಎರಡು ಕಮಾನು ಗಾಡಿಗಳಲ್ಲಿ ಹೆಂಗಸರು, ಬಂಧುಗಳು. ಮೋಟಾರಿನಿಂದ ಮೊದಲು ಏಕಾಂತಪ್ಪ ಇಳಿದರು. ಆಮೇಲೆ ಸುಣ್ಣದಿನ್ನೆ ಠಾಣೆಯ ಸಬ್‌ಇನ್‌ಸ್ಪೆಕ್ಟರ್ ಇಳಿದರು. ಶುಭಕಾರ್ಯಕ್ಕೆ ಒಬ್ಬ ಅಧಿಕಾರಿಯಾದರೂ ಇಲ್ಲದಿದ್ದರೆ ಏಕಾಂತಪ್ಪನವರಿಗೆ ಊಟ ಸೇರುತ್ತಿರಲಿಲ್ಲ. ಕಡೆಗೆ, ಮೊದಲು ಮೀಸೆ, ಆಮೇಲೆ ಅದರ ಹಿಂದೆ ಹವಾಲ್ದಾರ ಯರ್ರೆಪ್ಪ ಇಳಿದರು. ಪಲ್ಟನ್ನಿನ ಆಯುಧದ ಕೋಣೆಯಲ್ಲಿ ನೌಕರಿ ಮಾಡಿ ಪಿಂಚಣಿ ಪಡೆದ ಮನುಷ್ಯ. ಭೂಮಿಯ ಮೇಲೆ ತಮಗೆ ಗೊತ್ತಿಲ್ಲದ ಬಂದೂಕಿಲ್ಲ ಎಂದು ನಂಬಿದ್ದರು, ಎದುರಿಗಿದ್ದವರೂ ನಂಬುವವರೆಗೆ ಬಿಡುತ್ತಿರಲಿಲ್ಲ.

“ಮೇಜು ಹಾಕ್ರಿ. ಬಿಳಿ ಬಟ್ಟಿ ಹಾಸ್ರಿ,” ಎಂದರು ಹವಾಲ್ದಾರರು. “ಓದೋದಕ್ಕೂ ಮುಂಚೆ ಎರಡು ಹೋಳಿಗಿ ಕೊಡ್ರಿ. ತುಪ್ಪ ಬಿದ್ರ ಕಣ್ಣು ತಿಳಿ ಆಗ್ತಾವ.”

ಹೋಳಿಗೆ ಬಂತು, ಕಣ್ಣು ತಿಳಿಯಾಯಿತು. ಪಡಸಾಲೆಯಲ್ಲಿ ಗಂಡಸರು ಜಮಖಾನೆ ತುಂಬ ಕೂತರು. ಎರ್ರಿಸ್ವಾಮಿಯ ಮುಖ್ಯಸ್ಥಿಕೆಯಲ್ಲಿ ಊರು ಅಂಗಳದಲ್ಲಿ ನಿಂತಿತು. ಒಳಮನೆಯಲ್ಲಿ ಹೆಂಗಸರು ಗುರುಲಿಂಗಮ್ಮನಿಗೆ ಹಸಿರು ಸೀರೆ ಉಡಿಸಿ ಕೂರಿಸಿದ್ದರು. ಹವಾಲ್ದಾರರು ಜೇಬಿನಿಂದ ಭೂತಗನ್ನಡಿ ತೆಗೆದು ಏಳರ ಮೇಲೆ ಬಗ್ಗಿದರು.

“ಹ್ಞೂಂ,” ಎಂದರು.

“ಲೋಕದಾಗ ಏಳನೇದು,” ಎಂದು ಮರಿಬಸಪ್ಪ ನೆನಪು ಮಾಡಿಕೊಟ್ಟ.

“ತಡೀರಿ. ಕಾರ್ಖಾನಿ ನಂಬರ್ ಇದ್ರ ಇಷ್ಟು ಸಣ್ಣಗ, ಸಾಲು ಹಿಡದು, ಕಂಪನಿ ಹೆಸರಿನ ಜೋಡಿ ಇರ್ತಾವ. ಈ ಏಳು ನೋಡ್ರಿ, ಹೆಬ್ಬೆಟ್ಟಿನಷ್ಟು ಐತಿ, ವಾರೀ ಆಗೈತಿ. ಯಾವನೋ ಉಳಿ ಇಟ್ಟು ಬಡದಾನ. ಇದು ಹುಟ್ಟುನಂಬರ್ ಅಲ್ಲ, ಆಮ್ಯಾಲ ಕೊಟ್ಟ ನಂಬರ್.”

“ಅಂದ್ರ?” ಎಂದರು ಏಕಾಂತಪ್ಪ.

“ಕೂಸಿಗೆ ತೊಟ್ಟಲದಾಗ ಹೆಸರಿಡೋದು ಬ್ಯಾರೆ, ಸಾಲ್ಯಾಗ ಹಾಜರಿ ನಂಬರ್ ಕೊಡೋದು ಬ್ಯಾರೆ. ಇದು ಹಾಜರಿ ನಂಬರ್. ಎಲ್ಲೋ ಸಾಲಾಗಿ ಬಂದೂಕು ನಿಲ್ಲಿಸಿದ್ರು, ಅದರಾಗ ಇದು ಏಳನೇ ಗೂಟದ್ದು. ಯಾವ ಸಾಲಿ ಅಂತ ಈ ಹಿತ್ತಾಳಿ ಪಟ್ಟಿ ಕೆಳಗ ಇರಬೇಕು. ಎಣ್ಣಿ ತರ್ರಿ.”

ಮಹಾಂತಮ್ಮ ಒಳಬಾಗಿಲ ಸಂದಿಯಿಂದ ಇದನ್ನೆಲ್ಲ ನೋಡುತ್ತಿದ್ದಳು. ಎಣ್ಣೆಯ ಬಟ್ಟಲನ್ನು ಹೊರಗೆ ಕಳಿಸಿ, ಏಕಾಂತಪ್ಪನ ಹೆಂಡತಿಯ ಕಡೆ ತಿರುಗಿ, “ಅಕ್ಕಾ, ಉಡಿ ತುಂಬಿಬಿಡ್ರಿ,” ಎಂದಳು.

“ಹೊರಗ ಗಂಡಸರು ಇನ್ನೂ ಮಾತಾಡಾಕತ್ಯಾರಲ್ಲ?”

“ಅವರ ಮಾತು ಮುಗಿಯೋದ್ರಾಗ ಹುಡುಗಿ ಮುದುಕಿ ಆಗ್ತಾಳ. ಎಣ್ಣಿ ಹಾಕಿ ತಿಕ್ಕಿ ತಗಿಯೋ ಸುದ್ದಿ ಚಲೋದು ಇರಂಗಿಲ್ಲಕ್ಕಾ. ತುಂಬ್ರಿ.”

ಏಕಾಂತಪ್ಪನ ಹೆಂಡತಿ ಒಂದು ಗಳಿಗೆ ಯೋಚಿಸಿದಳು. ಆಕೆಗೆ ಹುಡುಗಿ ಹಿಡಿಸಿದ್ದಳು. ಮುಟ್ಟಗೊಡದ ಆ ಹೊಲಿಗೆ ಯಂತ್ರವೂ ನೆನಪಾಗಿರಬೇಕು. ಅಕ್ಕಿ, ಕೊಬ್ಬರಿ, ಅರಿಸಿನ ಕೊಂಬು ಎತ್ತಿಕೊಂಡಳು.

ಹೊರಗೆ ಪಟ್ಟಿ ‘ಕಿರ್’ ಎಂದು ಸರಿಯಿತು. ಕೆಳಗೆ ಇಂಗ್ಲಿಷ್ ಅಕ್ಷರಗಳಿದ್ದವು. ಹವಾಲ್ದಾರರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಸಬ್‌ಇನ್‌ಸ್ಪೆಕ್ಟರು ಅವರ ಹೆಗಲ ಮೇಲಿಂದ ಬಗ್ಗಿ, ಕಂಡದ್ದನ್ನು ಓದುವ ಚಟದಿಂದ ಗಟ್ಟಿಯಾಗಿ ಓದಿದರು: “ಪೊಲೀಸ್ ಠಾಣಾ, ಸುಣ್ಣದಿನ್ನೆ.”

ಓದಿದ ಮೇಲೆ, ಆ ಠಾಣೆ ತಮ್ಮದೇ ಎಂಬುದು ಅವರಿಗೆ ಹೊಳೆಯಿತು. ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಆದರೆ ಮಾತು ಆಗಲೇ ಅಂಗಳ ದಾಟಿತ್ತು.

“ಮಾವಾ!” ಎಂದ ಎರ್ರಿಸ್ವಾಮಿ ಅಂಗಳದಿಂದ. “ಸಾಹೇಬ ಕೊಟ್ಟ ಅಂದಿ, ಪೊಲೀಸ್ರದು ಅಂತೈತಿ. ಹುಲಿ ಎಲ್ಲಿ ಹೋತು? ಅದನ್ನೂ ಠಾಣೆದಾಗ ಕಟ್ಟಿ ಹಾಕ್ಯಾರೇನು?”

ಅಂಗಳ ನಕ್ಕಿತು. ಪಡಸಾಲೆ ನಗಲಿಲ್ಲ. ಮರಿಬಸಪ್ಪನ ಕಣ್ಣ ಮುಂದೆ ಅಳಿಯ, ಮೋಟಾರು, ಪ್ರೆಸ್ಸು ಸಾಲಾಗಿ ನಡೆದು ಹೊರಟುಹೋದವು. ಕಡೆಯಲ್ಲಿ ಬೇಡಿಯೊಂದು ಒಳಗೆ ಬಂತು.

ಏಕಾಂತಪ್ಪ ಎದ್ದು ಶಲ್ಯ ಕೊಡವಿದರು. “ಮರಿಬಸಪ್ನೋರ, ಬಂದೂಕಿನ ಗೋತ್ರ ತಿಳೀತು. ಮನೀದೂ ತಿಳೀತು. ಕಳವಿನ ಮಾಲು ಗ್ವಾಡಿಗೆ ಹಾಕಿ ಪೂಜಿ ಮಾಡೋ ಮಂದಿ ಜೋಡಿ ನಮಗ ಬೀಗತನ ಬ್ಯಾಡ. ಏ, ಮೋಟಾರ್ ತಿರುಗಸಪಾ!”

“ಎಲ್ಲಿಗೆ ಹೊಂಟ್ರಿ?” ಎಂಬ ದನಿ ಒಳಬಾಗಿಲಿಂದ ಬಂತು. ಏಕಾಂತಪ್ಪನ ಹೆಂಡತಿ ಗುರುಲಿಂಗಮ್ಮನ ಕೈ ಹಿಡಿದು ನಿಂತಿದ್ದಳು. ಹುಡುಗಿಯ ಸೆರಗು ಅಕ್ಕಿ ಕೊಬ್ಬರಿಯಿಂದ ಭಾರವಾಗಿ ಜಗ್ಗುತ್ತಿತ್ತು. “ಸೊಸಿ ಉಡಿ ತುಂಬೀನಿ. ಮುತ್ತೈದೇರು ಆರತಿ ಬೆಳಗ್ಯಾರ. ತುಂಬಿದ ಉಡಿ ಬಿಚ್ಚಿಸಿ ಹೋದ ಮನಿ ಆದೋನ್ಯಾಗ ಯಾವುದಾದ್ರೂ ಇದ್ರ ಹೇಳ್ರಿ, ನಾನೂ ಬರ್ತೀನಿ ಮೋಟಾರಿಗೆ.”

ಏಕಾಂತಪ್ಪ ಬಾಯಿ ತೆರೆದರು. ಆದೋನಿಯ ಮನೆಗಳನ್ನೆಲ್ಲ ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬಂದರು. ಅಂಥ ಮನೆ ಸಿಗಲಿಲ್ಲ. ಬಾಯಿ ಮುಚ್ಚಿ ಕೂತರು.

ಕೂತ ಮೇಲೆ ಅವರಿಗೆ ಪರಿಸ್ಥಿತಿಯ ಇನ್ನೊಂದು ಮಗ್ಗುಲು ಕಂಡಿತು. ಎದ್ದು ನಿಂತಾಗ ಆ ಕಳವು ಮರಿಬಸಪ್ಪನದಾಗಿತ್ತು, ಕೂತಾಗ ಬೀಗರದಾಯಿತು. ಬೀಗರ ಮಾನ ತಮ್ಮ ಮಾನ. ಸಾವುಕಾರರು ಸಬ್‌ಇನ್‌ಸ್ಪೆಕ್ಟರ ಕಡೆ ತಿರುಗಿ ದನಿ ಬದಲಿಸಿದರು.

“ಸಾಹೇಬ್ರ, ನೀವು ಏನೂ ಓದಿಲ್ಲ.”

“ಲೇದು ಲೇದು,” ಎಂದರು ಸಬ್‌ಇನ್‌ಸ್ಪೆಕ್ಟರ್, ಗಾಬರಿಯಲ್ಲಿ ತಮ್ಮ ತೆಲುಗಿಗೆ ಜಾರಿ ಬೆವರು ಒರೆಸಿಕೊಳ್ಳುತ್ತ. “ನಾನು ಕನ್ನಡಕಾನೇ ತಂದಿಲ್ಲ.”

“ನಾನು ತಂದೀನಿ,” ಎಂದರು ಹವಾಲ್ದಾರರು ಭೂತಗನ್ನಡಿ ಎತ್ತಿ. “ಸರಕಾರದ ಬಂದೂಕು ಇದು. ನನ್ನ ವಿದ್ಯೆ ಸುಳ್ಳು ಹೇಳಂಗಿಲ್ಲ—”

ಮಹಾಂತಮ್ಮ ಅವರ ಎಲೆಗೆ ಬಿಸಿ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದಳು, ಸಾಕು ಎನ್ನುವವರೆಗೂ ಸುರಿದಳು. ಹವಾಲ್ದಾರರು ಸಾಕು ಎನ್ನಲಿಲ್ಲ. ವಿದ್ಯೆಯನ್ನು ಜೇಬಿಗಿಟ್ಟು ಊಟಕ್ಕೆ ಕೈ ಹಾಕಿದರು.

ಸಬ್‌ಇನ್‌ಸ್ಪೆಕ್ಟರ್ ಇಬ್ಬರು ಬೀಗರನ್ನೂ ಹಿತ್ತಲ ದನದ ಕೊಟ್ಟಿಗೆಗೆ ಕರೆದೊಯ್ದರು. ಮರಿಬಸಪ್ಪ ಎಮ್ಮೆಯ ಗೂಟ ಹಿಡಿದುಕೊಂಡು ಅಳುವುದಕ್ಕೆ ಶುರು ಮಾಡಿದ.

“ಸಾಹೇಬ್ರ, ನನಗೇನೂ ಗೊತ್ತಿಲ್ರಿ. ಹುಲಿ ಸುಳ್ಳು. ಬಂದೂಕು ತಗೊಂಡು ಹೋಗ್ರಿ. ನನ್ನ ಹಿಡಿಬ್ಯಾಡ್ರಿ, ಮಗಳ ಲಗ್ನ ಐತಿ.”

“ಏಮಯ್ಯಾ, ಮೆಲ್ಲಗೆ! ನಿಮ್ಮನ್ನ ಹಿಡದ್ರೆ ನನ್ನ ಗತಿ ಏನು?” ಎಂದರು ಸಬ್‌ಇನ್‌ಸ್ಪೆಕ್ಟರ್. ಅವರ ಮುಖದಲ್ಲಿ ಮರಿಬಸಪ್ಪನದಕ್ಕಿಂತ ಹೆಚ್ಚು ಭಯವಿತ್ತು. “ನಮ್ಮ ಠಾಣೆದಾಗೆ ಏಳನೇ ನಂಬರ್ ಬಂದೂಕು ಐತಿ. ಗೂಟಕ್ಕೆ ನಿಂತೈತಿ. ಚೂಸ್ತೇ… ನೋಡಿದ್ರೆ ಬಹಳ ಚೆಂದ.”

“ಅದೂ ಏಳು, ಇದೂ ಏಳು?” ಎಂದರು ಏಕಾಂತಪ್ಪ. ಅವರ ಸಿದ್ಧಾಂತಕ್ಕೆ ಇದು ದೊಡ್ಡ ಪೆಟ್ಟು.

“ಅದು ಕಟ್ಟಿಗೇದು.”

ಎಮ್ಮೆ ಕೂಡ ಮೆಲುಕು ನಿಲ್ಲಿಸಿತು.

ಸಂಗತಿ ಇಷ್ಟೇ. ಹಿಂದೆಂದೋ ಆ ಠಾಣೆಯ ಪೇದೆಯೊಬ್ಬ ಸೇಂದಿ ಕುಡಿದು, ಆದೋನಿಗೆ ಹೊರಟಿದ್ದ ಹತ್ತಿಯ ಗಾಡಿಯೇರಿ ಮಲಗಿ, ಎಚ್ಚರಾದಲ್ಲಿ ಇಳಿದು ಹೋಗಿದ್ದ. ಬಂದೂಕು ಹತ್ತಿಯೊಳಗೇ ಉಳಿದಿತ್ತು. ಗಾಡಿ ಯಾರದೆಂದು ಅವನಿಗೆ ನೆನಪಿರಲಿಲ್ಲ. ಗಾಡಿಯ ಒಡೆಯನಿಗೆ, ಎಂದರೆ ಅಜ್ಜನಿಗೆ, ಹಿಂದಿರುಗಿಸಲು ಹೋದರೆ ತನ್ನನ್ನೇ ಒಳಗೆ ಹಾಕಿಯಾರೆಂಬ ಭಯ; ಠಾಣೆಯ ಹೆಸರಿನ ಮೇಲೆ ಹಿತ್ತಾಳೆ ಪಟ್ಟಿ ಬಿಗಿಸಿ, ತನ್ನದೆಂದೇ ಲೈಸೆನ್ಸು ಮಾಡಿಸಿಕೊಂಡಿದ್ದ. ಆಗಿನ ಸಬ್‌ಇನ್‌ಸ್ಪೆಕ್ಟರಿಗೆ ಮೇಲಿನವರ ಭಯ. ಅವನು ಬಡಿಗನನ್ನು ಕರೆಸಿ, ಬೇವಿನ ಕಟ್ಟಿಗೆಯಲ್ಲಿ ಒಂದು ಬಂದೂಕು ಕೆತ್ತಿಸಿ, ಕರೀ ಬಣ್ಣ ಬಳಿದು, ಏಳು ಬರೆಸಿ ಗೂಟಕ್ಕೆ ನಿಲ್ಲಿಸಿದ. ಅಂದಿನಿಂದ ಬಂದ ಸಬ್‌ಇನ್‌ಸ್ಪೆಕ್ಟರುಗಳೆಲ್ಲ ಠಾಣೆಯ ಬೀಗದ ಕೈ ಜೊತೆಗೆ ಆ ಗುಟ್ಟನ್ನೂ ವಹಿಸಿಕೊಳ್ಳುತ್ತ ಬಂದಿದ್ದರು. ವರ್ಷವರ್ಷವೂ ದೊಡ್ಡ ಅಧಿಕಾರಿಗಳು ಬಂದು, ನಂಬರು ಎಣಿಸಿ, ಸರಿಯಾಗಿದೆ ಎಂದು ಸಹಿ ಹಾಕಿ ಹೋಗಿದ್ದರು.

“ಈಗ ಲಡಾಯಿ ಬಂದೈತಿ,” ಎಂದರು ಸಬ್‌ಇನ್‌ಸ್ಪೆಕ್ಟರ್. “ಬರೋ ತಿಂಗಳು ಬಂದೂಕೆಲ್ಲ ಹಾರಿಸಿ ತೋರಿಸಬೇಕಂತ ಹುಕುಂ ಐತಿ. ಕಟ್ಟಿಗೆ ಎಲ್ಲಿ ಹಾರತೈತಿ ಸ್ವಾಮೀ? ನಿದ್ದೆ ಇಲ್ಲ ನನಗೆ. ನಿಮ್ಮದು ನನಗೆ ಕೊಡ್ರಿ, ನಂದು ನೀವು ತಗೋರಿ. ದಂಡಂ ಪೆಡತಾನು.”

ಕೊಟ್ಟಿಗೆಯಲ್ಲಿ ಸರಕಾರ ಕೈ ಮುಗಿದು ನಿಂತದ್ದನ್ನು ಮರಿಬಸಪ್ಪ ಅದೇ ಮೊದಲು ನೋಡಿದ್ದು. ಅಳು ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, “ನಮ್ಮಜ್ಜನ ಬಂದೂಕ್ರಿ ಅದು, ಸುಮ್ಮನ ಹೆಂಗ ಕೊಡಾಕ ಬರತೈತಿ…” ಎಂದು ಶುರು ಮಾಡಿದ.

“ಬೀಗರ, ಬಾಯಿ ಮುಚ್ರಿ,” ಎಂದರು ಏಕಾಂತಪ್ಪ.

ಅಸಲು ಬಂದೂಕು ಹತ್ತಿಯ ಗಾಡಿಯಲ್ಲಿ ಬಂದಂತೆಯೇ ಹತ್ತಿಯ ಗಾಡಿಯಲ್ಲಿ ಠಾಣೆಗೆ ಹೋಯಿತು. ಬೇವಿನ ಬಂದೂಕು ಅದೇ ಗಾಡಿಯಲ್ಲಿ ಗೋಣಿ ಹೊದ್ದು ಹಾಲಹರವಿಗೆ ಬಂತು. ಲಗ್ನ ಆದೋನಿಯಲ್ಲಿ ಜೋರಾಗಿ ಆಯಿತು. ಅಳಿಯನಿಗೆ ಉಡುಗೊರೆ ಕೊಟ್ಟಾಗ ಬಂದೂಕಿನ ಹೊಳಪು ಕಂಡು ಜನ ಬೆರಗಾದರು. ಹವಾಲ್ದಾರ ಯರ್ರೆಪ್ಪನವರನ್ನು ಮಾತ್ರ ಆ ಹೊತ್ತಿಗೆ ಸರಿಯಾಗಿ ಊಟಕ್ಕೆ ಕೂರಿಸಲಾಗಿತ್ತು. ಏಕಾಂತಪ್ಪನವರ ಹಜಾರದಲ್ಲಿ ಗಡಿಯಾರಕ್ಕೂ ಗ್ರಾಮಫೋನಿಗೂ ನಡುವೆ ಅದಕ್ಕೆ ಜಾಗ ಸಿಕ್ಕಿತು. ಸಾವುಕಾರರು ಬಂದವರಿಗೆಲ್ಲ ದೂರದಿಂದ ನಂಬರು ತೋರಿಸಿ, ಹುಲಿಯ ಕಥೆಯನ್ನು ಮರಿಬಸಪ್ಪನಿಗಿಂತ ಚೆನ್ನಾಗಿ ಹೇಳುತ್ತಿದ್ದರು. ಅವರ ಕಥೆಯಲ್ಲಿ ಹುಲಿ ಎರಡಾಗಿತ್ತು.

ಎಲ್ಲ ಸರಿಹೋಯಿತು ಎನ್ನುವಾಗ ಲೈಸೆನ್ಸಿನ ವರ್ಷ ಮುಗಿಯಿತು.

ಲೈಸೆನ್ಸು ಇದ್ದ ಮೇಲೆ ಬಂದೂಕು ತೋರಿಸಬೇಕು. ತೋರಿಸದಿದ್ದರೆ ‘ಏಳನೇ ನಂಬರು ಎಲ್ಲಿ ಹೋಯಿತು’ ಎಂಬ ಪ್ರಶ್ನೆ ಹುಟ್ಟುತ್ತದೆ. ಆ ಪ್ರಶ್ನೆ ನೇರವಾಗಿ ಸುಣ್ಣದಿನ್ನೆಗೆ ನಡೆದು, ಅಲ್ಲಿಂದ ಸಬ್‌ಇನ್‌ಸ್ಪೆಕ್ಟರನ್ನು ಕರೆದುಕೊಂಡು, ಇಬ್ಬರು ಬೀಗರ ಮನೆಗೂ ಬರುತ್ತದೆ. ಮಗಳು ಸೇರಿದ ಮನೆಗೆ ಪೊಲೀಸರು ಬಂದರೆಂದರೆ ಮರಿಬಸಪ್ಪನಿಗೆ ಕೆರೆ ಬಾವಿಯೇ ಗತಿ. ಬೀಗರಿಬ್ಬರೂ ಮೋಟಾರಿನಲ್ಲಿ ಕೂತು, ಬೇವಿನ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು, ತಾಲೂಕು ಕಚೇರಿಯವರೆಗೂ ಶಿವನಾಮ ಜಪಿಸಿದರು.

ಅದೇ ಗುಮಾಸ್ತ. ಬಂದೂಕನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. “ಬಾಳ ಹಗೂರ ಐತಿ,” ಎಂದ.

“ಹಳೇದಾತಲ್ರಿ, ಸವದೈತಿ,” ಎಂದ ಮರಿಬಸಪ್ಪ.

ಗುಮಾಸ್ತ ಬಂದೂಕಿನ ಕುದುರೆ ಎಳೆದು ನೋಡಿದ. “ಅಲ್ಲಾಡಂಗಿಲ್ಲಲ್ಲ?”

“ಮದಲಿಂದಾನೂ ಬಿಗೀರಿ ಅದು,” ಎಂದರು ಏಕಾಂತಪ್ಪ.

ಗುಮಾಸ್ತ ನಳಿಗೆಯ ತುದಿಗೆ ಒಂದು ಕಣ್ಣು ಹಚ್ಚಿದ. ಬಹಳ ಹೊತ್ತು ನೋಡಿದ. ಅಲ್ಲಿ ತೂತಿರಲಿಲ್ಲ. ಬಡಿಗ ತೂತು ಇರಬೇಕಾದಲ್ಲಿ ಕಪ್ಪು ಚುಕ್ಕೆ ಇಟ್ಟಿದ್ದ. ಬೀಗರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು.

“ಒಳಗ ಒಂಚೂರೂ ಕಸ ಕಾಣಂಗಿಲ್ಲ,” ಎಂದ ಗುಮಾಸ್ತ ಮೆಚ್ಚಿ. ‘ನಳಿಗೆ ಸ್ವಚ್ಛ’ ಎಂದು ಬರೆದ. “ನಂಬರ್?”

“ಏಳು,” ಎಂದರು ಇಬ್ಬರೂ ಒಟ್ಟಿಗೆ.

ಗುಮಾಸ್ತ ಬಂದೂಕಿನ ಮೇಲಿನ ಏಳರ ಮೇಲೆ ಒಂದು ಬೆರಳು, ಕಾಗದದ ಮೇಲಿನ ಏಳರ ಮೇಲೆ ಒಂದು ಬೆರಳು ಇಟ್ಟು, ಒಂದಕ್ಕೊಂದು ತಾಳೆ ನೋಡಿ, ಮುದ್ರೆ ಒತ್ತಿದ. ಬಂದೂಕು ಹಿಂದಿರುಗಿಸುವಾಗ ಎಚ್ಚರಿಕೆಯನ್ನೂ ಕೊಟ್ಟ: “ಮಕ್ಕಳ ಕೈಯಾಗ ಕೊಡಬ್ಯಾಡ್ರಿ ಮತ್ತ. ಹಳೇ ಸಾಮಾನು, ಯಾವಾಗ ಹಾರತೈತೋ ಹೇಳಾಕ ಬರಂಗಿಲ್ಲ.”

ಬೀಗರು ಕೈ ಮುಗಿದು ಹೊರಬಂದರು. ಮೋಟಾರು ಹೊರಟಿತು. ಆದೋನಿಯ ದಾರಿಯಲ್ಲಿ ಗಾಲಿ ಒಂದು ಗುಂಡಿಗೆ ಬಿದ್ದು ಬಂದೂಕು ಕುಪ್ಪಳಿಸಿದಾಗ, ಏಕಾಂತಪ್ಪನವರು ಗಾಬರಿಯಿಂದ ಅದರ ಬಾಯಿಯನ್ನು ತಮ್ಮ ಹೊಟ್ಟೆಯ ಕಡೆಯಿಂದ ಬೀಗರ ಕಡೆಗೆ ತಿರುಗಿಸಿದರು. ಮರಿಬಸಪ್ಪ ಅದನ್ನು ಮೆಲ್ಲಗೆ ಎತ್ತಿ, ಮೋಟಾರಿನ ಹೊರಗೆ, ಆಕಾಶದ ಕಡೆಗೆ ಹಿಡಿದು ಕೂತ.